ಆಪರೇಷನ್‌ಗೆ ಒಂದು ವಾರ ಮುಂಚಿನ ಫೋನ್ ಕರೆ

(ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಆಪರೇಷನ್‌ಗೆ ತಯಾರಿ ಅಂದರೆ ಏನು ಅಂತ ನಿಮ್ಮಲ್ಲಿ ಯಾರನ್ನೇ ಕೇಳಿದರೂ ರಕ್ತ ಪರೀಕ್ಷೆ, ಇಸಿಜಿ, ಅರಿವಳಿಕೆ ಡಾಕ್ಟರ ಒಪ್ಪಿಗೆ, ಕನ್ಸೆಂಟ್ ಫಾರಂಗೆ ಸಹಿ ಅಂತ ಪಟಪಟನೆ ಹೇಳುತ್ತೀರಿ. ಅದು ಆಸ್ಪತ್ರೆ ಮಾಡಿಕೊಳ್ಳುವ ತಯಾರಿ. ಆಪರೇಷನ್ ಮಾಡಿಸಿಕೊಳ್ಳುವ ಹೆಂಗಸಿನ ತಯಾರಿ ಬೇರೆ ಇದೆ. ಅಡುಗೆ ಯಾರು ಮಾಡುತ್ತಾರೆ? ಮೊಮ್ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ? ಎಷ್ಟು ದಿನದ ಕೂಲಿ ಹೋಗುತ್ತದೆ? ಗಂಡನಿಗೆ ಏನು ಹೇಳುವುದು? ಹೊಟ್ಟೆಯೊಳಗಿನ ಏನನ್ನು ತೆಗೆಯುತ್ತಾರೆ, ಏನನ್ನು ಬಿಡುತ್ತಾರೆ? ಈ ತಯಾರಿ ಆಗುವುದು ಅವಳ ಮನೆಯಲ್ಲಿ. ಅಲ್ಲಿಗೆ ನಾವು ತಲುಪಲು ಇರುವ ಸುಲಭದ ದಾರಿ ಫೋನ್. ಟೆಲಿಹೆಲ್ತ್ (ದೂರದಿಂದಲೇ ವೈದ್ಯಕೀಯ ಸಲಹೆ ಕೊಡುವುದು) ಅಂದರೆ ದೊಡ್ಡ ಪರದೆ, ರೋಬೋಟ್, ಆ್ಯಪ್ ಅಂತ ನೀವು ಅಂದುಕೊಂಡಿದ್ದರೆ ಸ್ವಲ್ಪ ಹೊತ್ತು ಅದನ್ನು ಬದಿಗಿಡಿ. ನಾನು ಮಾತಾಡುವುದು ಗರ್ಭಕೋಶ, ಮೂತ್ರಕೋಶ ಜಾರಿದ ಹೆಂಗಸಿನ ಆಪರೇಷನ್‌ಗೆ ಸುಮಾರು ಒಂದು ವಾರ ಮುಂಚೆ, ಅವಳ ಭಾಷೆಯಲ್ಲಿ, ಅವಳಿಗೆ ಬಿಡುವಾದ ಹೊತ್ತಿನಲ್ಲಿ ಒಬ್ಬ ನರ್ಸ್ ಮಾಡುವ ಕರೆಯ ಬಗ್ಗೆ.

ನಾನು ಕೆಲಸ ಮಾಡುವುದು ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ. ಬಾದಾಮಿ, ದ್ರಾಕ್ಷಿ, ಟೊಮೆಟೊ ಬೆಳೆಯುವ ಸೀಮೆ. ಕಣ್ಣು ಹಾಯಿಸಿದಷ್ಟು ದೂರ ತೋಟ. ಅಲ್ಲಿ ಹಣ್ಣು ಕೀಳುವವರು, ಶೆಡ್‌ಗಳಲ್ಲಿ ನಿಂತು ಪ್ಯಾಕ್ ಮಾಡುವವರು ಬಹುಪಾಲು ಮೆಕ್ಸಿಕೊ ಮೂಲದವರು. ನಮ್ಮ ಕ್ಲಿನಿಕ್‌ಗೆ ಬರುವ ಹೆಂಗಸರಲ್ಲಿ ಅವರೇ ಜಾಸ್ತಿ. ಅಮೆರಿಕದ 2020ರ ಜನಗಣತಿಯಲ್ಲಿ ಲ್ಯಾಟಿನೊ ಜನರ, ಅಂದರೆ ಮೆಕ್ಸಿಕೊ ಮತ್ತು ಲ್ಯಾಟಿನ್ ಅಮೆರಿಕದ ಬೇರೆ ದೇಶಗಳ ಮೂಲದವರ ಸಂಖ್ಯೆ 6.2 ಕೋಟಿ ದಾಟಿತು. ನೂರಕ್ಕೆ ಹತ್ತೊಂಬತ್ತು ಜನ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವವರೇ 4 ಕೋಟಿ ಮೇಲಿದ್ದಾರೆ. ಇಷ್ಟು ದೊಡ್ಡ ಜನಕ್ಕೆ ಆಸ್ಪತ್ರೆಯ ಕಾಗದ, ಫೋನ್ ಸಂದೇಶ, ಗೋಡೆಯ ಬೋರ್ಡ್ ಎಲ್ಲ ಇವತ್ತಿಗೂ ಮೊದಲು ಬರುವುದು ಇಂಗ್ಲಿಷಿನಲ್ಲಿ.

ಕಾಯಿಲೆಯ ವಿಷಯಕ್ಕೆ ಬರೋಣ. ಹೊಟ್ಟೆಯ ಕೆಳಭಾಗದಲ್ಲಿ ಮೂತ್ರಕೋಶ, ಗರ್ಭಕೋಶ, ಮಲಕೋಶ ಈ ಮೂರನ್ನೂ ಹಿಡಿದಿಟ್ಟಿರುವ ಸ್ನಾಯು ಮತ್ತು ಕಟ್ಟುಗಳು ಸಡಿಲವಾದರೆ ಅವು ಯೋನಿಯೊಳಕ್ಕೆ ಜಾರುತ್ತವೆ. ಕೆಲವೊಮ್ಮೆ ಹೊರಗೂ ಬರುತ್ತವೆ. ಹೆರಿಗೆ, ವಯಸ್ಸು, ಭಾರ ಎತ್ತುವುದು, ಹಳೆಯ ಕೆಮ್ಮು, ಮಲಬದ್ಧತೆ, ಬೊಜ್ಜು ಎಲ್ಲ ಇದಕ್ಕೆ ಸೇರಿಕೊಳ್ಳುತ್ತವೆ. ಜತೆಗೆ ಕೆಮ್ಮಿದರೆ, ಸೀನಿದರೆ ಮೂತ್ರ ಸೋರುವ ತೊಂದರೆ. ಅಮೆರಿಕದಲ್ಲಿ 80 ವರ್ಷ ಆಗುವುದರೊಳಗೆ ಐದರಲ್ಲಿ ಒಬ್ಬ ಹೆಂಗಸು ಈ ಎರಡರಲ್ಲಿ ಒಂದಕ್ಕೆ ಆಪರೇಷನ್ ಮಾಡಿಸಿಕೊಂಡಿರುತ್ತಾಳೆ ಅಂತ ಲೆಕ್ಕವಿದೆ. ಐದರಲ್ಲಿ ಒಬ್ಬಳು! ಆದರೂ ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನ್ಯೂ ಮೆಕ್ಸಿಕೊದಲ್ಲಿ ಇಂಥ ಹೆಂಗಸರನ್ನು ಗುಂಪುಗಳಲ್ಲಿ ಕೂರಿಸಿ, ಇಂಗ್ಲಿಷ್ ಮಾತಾಡುವವರನ್ನು ಬೇರೆ, ಸ್ಪ್ಯಾನಿಷ್ ಮಾತಾಡುವವರನ್ನು ಬೇರೆ ಮಾತನಾಡಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಎದ್ದು ಕಂಡದ್ದು ನಾಚಿಕೆ ಮತ್ತು ಮೌನ. ತಾಯಿಗೆ ಹೇಳಿಲ್ಲ, ಮಗಳಿಗೆ ಹೇಳಿಲ್ಲ, ಎಷ್ಟೋ ಸಲ ಡಾಕ್ಟರಿಗೂ ಹೇಳಿಲ್ಲ. ಕ್ಯಾನ್ಸರ್ ಇರಬಹುದು ಅಂತ ವರ್ಷಗಟ್ಟಲೆ ಒಳಗೊಳಗೇ ಹೆದರಿಕೊಂಡಿದ್ದು ನಮ್ಮ ಹತ್ತಿರ ಬರುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳಬೇಕು. ಇದು ಗೊತ್ತಿಲ್ಲದಿದ್ದರೆ ಈ ಹೆಂಗಸರು ಸಹಿ ಹಾಕುವ ಮುಂಚೆ ಯಾಕೆ ತಡೆದು ನಿಲ್ಲುತ್ತಾರೆ ಅನ್ನುವುದು ಅರ್ಥವಾಗುವುದಿಲ್ಲ.

1960ರ ದಶಕದ ಕೊನೆ, 70ರ ದಶಕದ ಮೊದಲ ವರ್ಷಗಳು. ಲಾಸ್ ಏಂಜಲೀಸ್ ಕೌಂಟಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೆರಿಗೆಗೆ ಬಂದ ಮೆಕ್ಸಿಕನ್ ಹೆಂಗಸರಿಗೆ ಸಂತಾನಹರಣ ಆಪರೇಷನ್ ಮಾಡಿದರು. ಕೆಲವರಿಗೆ ಹೆರಿಗೆ ನೋವಿನ ನಡುವೆ ಇಂಗ್ಲಿಷ್ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡಿದ್ದರು. ತಮಗೆ ಏನು ಮಾಡಿದ್ದಾರೆ ಅಂತ ಕೆಲವರಿಗೆ ಬಹಳ ದಿನಗಳವರೆಗೆ ಗೊತ್ತೇ ಇರಲಿಲ್ಲ. 1975ರಲ್ಲಿ ಹತ್ತು ಹೆಂಗಸರು ಫೆಡರಲ್ ಕೋರ್ಟಿಗೆ ಹೋದರು. ಮ್ಯಾಡ್ರಿಗಲ್ ವಿರುದ್ಧ ಕ್ವಿಲಿಗನ್ ಅಂತ ಆ ಮೊಕದ್ದಮೆಯ ಹೆಸರು. ಅವರ ವಕೀಲೆ ಆಂಟೋನಿಯಾ ಹೆರ್ನಾಂಡಿಸ್ ಆಗಿನ್ನೂ ಚಿಕ್ಕ ವಯಸ್ಸಿನವರು. ಒಳಗಿನ ಸುದ್ದಿಯನ್ನು ಹೊರಗೆ ತಂದದ್ದು ಅದೇ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದ ಡಾಕ್ಟರ್ ಬರ್ನಾರ್ಡ್ ರೋಸೆನ್‌ಫೆಲ್ಡ್. 1978ರಲ್ಲಿ ತೀರ್ಪು ಬಂತು. ಹೆಂಗಸರು ಸೋತರು. ಮಾತು ಸರಿಯಾಗಿ ಮುಟ್ಟದ್ದರಿಂದ ಹೀಗಾಗಿದೆ, ಡಾಕ್ಟರುಗಳ ತಪ್ಪಿಲ್ಲ ಅನ್ನುವ ಧಾಟಿಯ ತೀರ್ಪು. ನನಗೆ ಇವತ್ತಿಗೂ ಇದನ್ನು ಹೇಳುವಾಗ ಸಿಟ್ಟು ಬರುತ್ತದೆ. ಮಾತು ಮುಟ್ಟಿಸುವುದು ಯಾರ ಕೆಲಸ? ನೋವು ತಿನ್ನುತ್ತಾ ಮಲಗಿರುವವಳ ಕೆಲಸವೇ?

ಕೋರ್ಟಿನಲ್ಲಿ ಸೋತರೂ ಆ ಹೆಂಗಸರ ಗದ್ದಲ ವ್ಯರ್ಥವಾಗಲಿಲ್ಲ. ಅದೇ ಹೊತ್ತಿಗೆ ದೇಶದ ಬೇರೆ ಕಡೆಗಳಿಂದಲೂ ಇಂಥ ದೂರುಗಳು ಬಂದಿದ್ದವು. ಆ ದಶಕ ಮುಗಿಯುವುದರೊಳಗೆ ಸರ್ಕಾರದ ನಿಯಮ ಬಿಗಿಯಾಯಿತು. ಬಡವರ ಸರ್ಕಾರಿ ವಿಮೆ ಮೆಡಿಕೇಡ್‌ನ ದುಡ್ಡಿನಲ್ಲಿ ಸಂತಾನಹರಣ ಮಾಡಬೇಕಾದರೆ ಸಾಮಾನ್ಯವಾಗಿ ಸಹಿಗೂ ಆಪರೇಷನ್‌ಗೂ 30 ದಿನ ಅಂತರ ಇರಬೇಕು. ಹೆರಿಗೆ ನೋವಿನಲ್ಲಿ ಸಹಿ ತೆಗೆದುಕೊಳ್ಳುವಂತಿಲ್ಲ. ಭಾಷೆ ತಿಳಿಯದಿದ್ದರೆ ದುಭಾಷಿ ಇರಬೇಕು. ಗರ್ಭಕೋಶ ತೆಗೆಯುವುದಾದರೆ ಮುಂದೆ ಮಕ್ಕಳಾಗುವುದಿಲ್ಲ ಅಂತ ಬಾಯಲ್ಲೂ ಬರಹದಲ್ಲೂ ತಿಳಿಸಿ ಬೇರೆ ಸಹಿ ತೆಗೆದುಕೊಳ್ಳಬೇಕು.

ನಮ್ಮಲ್ಲಿ ಕಲಬುರಗಿ ಕಡೆಯ ತಾಂಡಾಗಳ ಚಿಕ್ಕ ವಯಸ್ಸಿನ ಹೆಂಗಸರಿಗೆ ಬೇಕಿಲ್ಲದಿದ್ದರೂ ಗರ್ಭಕೋಶ ತೆಗೆದ ಸುದ್ದಿ ನೀವು ಓದಿರುತ್ತೀರಿ. ಅಲ್ಲಿಯೂ ಕಾಗದದ ಮೇಲೆ ಒಪ್ಪಿಗೆ ಇದ್ದೇ ಇತ್ತು ಅಲ್ವಾ? ಹಾಗಾಗಿ ಇದು ಯಾವುದೋ ದೂರದ ದೇಶದ ಹಳೆಯ ಕಥೆ ಅಂತ ಕೇಳಬೇಡಿ.

ಈಗ ಟೆಲಿಹೆಲ್ತ್. ದೂರದಿಂದ ವೈದ್ಯಕೀಯ ಸಲಹೆ ಕೊಡುವುದು ಹೊಸದೇನಲ್ಲ. ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿ ಇಪ್ಪತ್ತು ವರ್ಷದ ಮೇಲಾಯಿತು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಶುರು ಮಾಡಿದ ಪ್ರಾಜೆಕ್ಟ್ ಎಕೊ ಹಳ್ಳಿ ಡಾಕ್ಟರುಗಳನ್ನು ತಜ್ಞರ ಜತೆ ವಿಡಿಯೊದಲ್ಲಿ ಕೂರಿಸಿತು. ನಮ್ಮ ನಿಮ್ಹಾನ್ಸ್ ಕೂಡ ಅದೇ ಮಾದರಿ ಹಿಡಿದಿದೆ. ಆದರೆ ಇವೆಲ್ಲ ಡಾಕ್ಟರಿಂದ ಡಾಕ್ಟರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ. ಮನೆಯಲ್ಲಿರುವ ರೋಗಿಗೆ ನೇರವಾಗಿ ಹೋಗುವುದಕ್ಕೆ ಅಮೆರಿಕದಲ್ಲಿ ದುಡ್ಡಿನ ನಿಯಮವೇ ಅಡ್ಡ ಬರುತ್ತಿತ್ತು. ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್, 2020ಕ್ಕೆ ಮುಂಚೆ ಸಾಮಾನ್ಯವಾಗಿ ಹಳ್ಳಿಗಾಡಿನ ರೋಗಿ ಯಾವುದಾದರೂ ಕ್ಲಿನಿಕ್‌ನಲ್ಲಿ ಬಂದು ಕೂತು ಮಾತಾಡಿದರೆ ಮಾತ್ರ ಟೆಲಿಹೆಲ್ತ್‌ಗೆ ದುಡ್ಡು ಕೊಡುತ್ತಿತ್ತು. ಮನೆ ಲೆಕ್ಕಕ್ಕೆ ಇರಲಿಲ್ಲ. ಕೋವಿಡ್ ಬಂದು ಆ ಬೇಲಿ ಬಿತ್ತು. ಬರೀ ಫೋನ್‌ನಲ್ಲಿ ಮಾತಾಡಿದ್ದಕ್ಕೂ ದುಡ್ಡು ಸಿಗಲು ಶುರುವಾಯಿತು.

ನಮ್ಮ ಕೆಲಸಕ್ಕೆ ಆ ಬರೀ ಫೋನೇ ಮುಖ್ಯ. ವಿಡಿಯೊ ಆಗುವುದಾದರೆ ಒಳ್ಳೆಯದು. ಆದರೆ ಆಸ್ಪತ್ರೆಯ ಪೋರ್ಟಲ್‌ಗೆ ಹೋಗಲು ಇಮೇಲ್ ಬೇಕು, ಪಾಸ್‌ವರ್ಡ್ ಬೇಕು, ಎಷ್ಟೋ ಕಡೆ ಮೊದಲ ಪುಟ ಇಂಗ್ಲಿಷ್. ಅಲ್ಲೇ ಅರ್ಧ ಜನ ನಿಂತುಬಿಡುತ್ತಾರೆ. ವಾಟ್ಸಾಪ್ ಎಲ್ಲರ ಕೈಯಲ್ಲೂ ಇದೆ. ಮೆಕ್ಸಿಕೊದಲ್ಲಿರುವ ತಂಗಿಯ ಜತೆ ದಿನಾ ಅದರಲ್ಲೇ ಮಾತು. ಆದರೆ ರೋಗಿಯ ಗುಟ್ಟು ಕಾಯುವ ಕಾನೂನಿನಿಂದಾಗಿ ಆಸ್ಪತ್ರೆಗಳು ಅದನ್ನು ಹಾಗೇ ಬಳಸುವಂತಿಲ್ಲ. ಕೋವಿಡ್ ಕಾಲದಲ್ಲಿ ಕೊಟ್ಟಿದ್ದ ಸಡಿಲಿಕೆ 2023ರಲ್ಲಿ ಮುಗಿಯಿತು. ಹಾಗಾಗಿ ಮಾಮೂಲಿ ಫೋನ್ ಕರೆ.

ಮಾಮೂಲಿ ಅಂದೆ. ಆದರೆ ಅವಳು ಎತ್ತಬೇಕಲ್ಲ! ಆಸ್ಪತ್ರೆಯಿಂದ ಹೋಗುವ ಕರೆ ಎಷ್ಟೋ ಸಲ ನಂಬರೇ ಇಲ್ಲದೆ ಬರುತ್ತದೆ. ಗೊತ್ತಿಲ್ಲದ ನಂಬರ್ ಅಂದರೆ ಮೋಸದ ಕರೆ ಇರಬಹುದು, ಸಾಲ ಕೇಳುವವರಿರಬಹುದು, ವಲಸೆ ಇಲಾಖೆಯವರಿರಬಹುದು. ಅವಳು ಎತ್ತುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಅದಕ್ಕೆ ನಾವು ಆಪರೇಷನ್ ದಿನ ಗೊತ್ತಾದಾಗಲೇ, ಅವಳು ಕ್ಲಿನಿಕ್‌ನಲ್ಲಿ ಇರುವಾಗಲೇ, ಯಾವ ನಂಬರ್‌ನಿಂದ ಕರೆ ಬರುತ್ತದೆ ಅಂತ ಹೇಳಿ ಅವಳ ಕೈಯಲ್ಲೇ ಫೋನ್‌ನಲ್ಲಿ ಸೇವ್ ಮಾಡಿಸುತ್ತೇವೆ. ಯಾವ ಹೆಸರಲ್ಲಿ ಸೇವ್ ಮಾಡಿಕೊಳ್ಳುತ್ತಾಳೆ ಅನ್ನುವುದು ಅವಳಿಗೆ ಬಿಟ್ಟದ್ದು. ಒಬ್ಬರು "ಹಲ್ಲಿನ ಡಾಕ್ಟರು" ಅಂತ ಹಾಕಿಕೊಂಡರು. ಫೋನ್ ಮೇಜಿನ ಮೇಲೆ ಬಿದ್ದಿರುತ್ತದೆ, ಮಕ್ಕಳು ನೋಡುತ್ತಾರೆ, ಹಲ್ಲಿನ ಡಾಕ್ಟರಾದರೆ ಯಾರೂ ಏನೂ ಕೇಳುವುದಿಲ್ಲ. ಎಷ್ಟು ಯೋಚನೆ ಮಾಡಿದ್ದಾರೆ ನೋಡಿ. ವಾಯ್ಸ್ ಮೆಸೇಜ್ ಬಿಡಬೇಕಾದರೂ ಯಾವ ಆಪರೇಷನ್ ಅಂತ ನಾವು ಹೇಳುವುದಿಲ್ಲ.

ಹೊತ್ತು ಕೂಡ ಅವಳೇ ಹೇಳಬೇಕು. ಬೆಳಿಗ್ಗೆ ಹತ್ತು ಗಂಟೆಗೆ ಅವಳು ದ್ರಾಕ್ಷಿ ತೋಟದಲ್ಲಿರುತ್ತಾಳೆ, ಪಕ್ಕದಲ್ಲಿ ಮೇಸ್ತ್ರಿ ಇರುತ್ತಾನೆ. ಸಂಜೆ ಆರಕ್ಕೆ ಮನೆಯಲ್ಲಿ ಎಲ್ಲರೂ ಇರುತ್ತಾರೆ. ಬಹಳಷ್ಟು ಜನ ಮನೆ ಮುಂದೆ ನಿಲ್ಲಿಸಿದ ಕಾರಿನಲ್ಲಿ ಕೂತು, ಗಾಜು ಏರಿಸಿಕೊಂಡು ಮಾತಾಡುತ್ತಾರೆ. ಅದಕ್ಕೆ ಕರೆಯ ಮೊದಲ ಪ್ರಶ್ನೆ ಆರೋಗ್ಯದ್ದಲ್ಲ. "ಈಗ ಬಿಡುವಾಗಿ ಮಾತಾಡಬಹುದಾ? ಪಕ್ಕದಲ್ಲಿ ಯಾರಾದರೂ ಇದ್ದಾರಾ?" ಇದನ್ನು ಕೇಳದೆ ಮೂತ್ರ, ಯೋನಿ ಅಂತ ಶುರು ಮಾಡಿದರೆ ಅವರು "ಹೂಂ, ಹೂಂ, ಎಲ್ಲ ಅರ್ಥವಾಯಿತು" ಅಂತ ಎರಡು ನಿಮಿಷದಲ್ಲಿ ಫೋನ್ ಇಡುತ್ತಾರೆ.

ಆಮೇಲೆ ಔಷಧಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಫೋನ್ ಕರೆಯ ಬೆಲೆ ತಿಳಿಯುವುದು ಇಲ್ಲೇ. ಕ್ಲಿನಿಕ್‌ನಲ್ಲಿ "ಏನು ಮಾತ್ರೆ ತಗೋತೀರಿ?" ಅಂತ ಕೇಳಿದರೆ "ಬಿಳಿ ಮಾತ್ರೆ, ಚಿಕ್ಕದು" ಅನ್ನುತ್ತಾರೆ. ಮನೆಗೆ ಫೋನ್ ಮಾಡಿದಾಗ "ಅಡುಗೆಮನೆಗೆ ಹೋಗಿ, ಔಷಧಿ ಇಟ್ಟ ಡಬ್ಬಿ ತಗೊಳ್ಳಿ, ಒಂದೊಂದಾಗಿ ಓದಿ" ಅನ್ನಬಹುದು. ಆಗ ಏನೇನೋ ಹೊರಗೆ ಬರುತ್ತದೆ. ಗಡಿಯಾಚೆಯ ಮೆಡಿಕಲ್ ಶಾಪ್‌ನಿಂದ ನೆಂಟರು ತಂದುಕೊಟ್ಟದ್ದು. ಸಂತೆಯಲ್ಲಿ ಕೊಂಡದ್ದು. "ಇದು ಔಷಧಿ ಅಲ್ಲಮ್ಮ, ವಿಟಮಿನ್" ಅಂತ ಒಬ್ಬರು ಓದಿದ ಹೆಸರು ಡೋಲೊ-ನ್ಯೂರೊಬಿಯಾನ್. ನ್ಯೂರೊಬಿಯಾನ್ ನಿಮಗೆಲ್ಲ ಗೊತ್ತು, ಬಿ ವಿಟಮಿನ್. ಮೆಕ್ಸಿಕೊದಲ್ಲಿ ಸಿಗುವ ಡೋಲೊ-ನ್ಯೂರೊಬಿಯಾನ್‌ನಲ್ಲಿ ಆ ವಿಟಮಿನ್ ಜತೆ ಡೈಕ್ಲೊಫೆನಾಕ್ ಇದೆ, ನೋವಿನ ಮಾತ್ರೆ. ರಕ್ತಸ್ರಾವ ಜಾಸ್ತಿ ಮಾಡಬಲ್ಲದ್ದು, ಮೂತ್ರಪಿಂಡಕ್ಕೂ ಹೊರೆ. ಆಪರೇಷನ್ ಮುಂಚೆ ಸರ್ಜನ್‌ಗೆ ಗೊತ್ತಿರಲೇಬೇಕು. ಆದರೆ "ನೋವಿನ ಮಾತ್ರೆ ತಗೋತೀರಾ?" ಅಂದರೆ ಅವರು ಇಲ್ಲ ಅನ್ನುತ್ತಾರೆ. ಸುಳ್ಳಲ್ಲ, ಅವರ ಪಾಲಿಗೆ ಅದು ವಿಟಮಿನ್.

ಲ್ಯಾಟಿನೊ ಜನರಲ್ಲಿ ಸಕ್ಕರೆ ಕಾಯಿಲೆ ಬಿಳಿಯರಿಗಿಂತ ಜಾಸ್ತಿ. ಈಗ ಸಕ್ಕರೆಗೆ ಕೊಡುವ ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಗಳನ್ನು ಆಪರೇಷನ್‌ಗೆ ಕನಿಷ್ಠ 3 ದಿನ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ದರೆ ಉಪವಾಸದ ಹೊತ್ತಿನಲ್ಲಿ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯ. ಸಕ್ಕರೆ ಅಂಶ ಮಾಮೂಲಾಗಿ ಕಾಣುತ್ತಿದ್ದರೂ ಇದು ಆಗಬಹುದು. ಹಿಂದಿನ ದಿನ ಫೋನ್ ಮಾಡಿದರೆ ಆಗಲೇ ತಡ. ಒಂದು ವಾರ ಮುಂಚೆ ಅಂತ ನಾನು ಒತ್ತಿ ಹೇಳುವುದು ಅದಕ್ಕೇ.

ಉಪವಾಸದ ವಿಷಯ ಸಣ್ಣದು ಅನ್ನಿಸುತ್ತದೆ. ಈಗಿನ ನಿಯಮದ ಪ್ರಕಾರ ಹೆಚ್ಚಿನವರು ಅರಿವಳಿಕೆಗೆ 2 ಗಂಟೆ ಮುಂಚಿನವರೆಗೆ ತಿಳಿ ನೀರು ಕುಡಿಯಬಹುದು. ಹಗುರ ಊಟಕ್ಕೆ 6 ಗಂಟೆ ಅಂತರ ಬೇಕು, ಹಾಲಿಗೂ ಅಷ್ಟೇ. "ಏನೂ ತಿನ್ನಬೇಡಿ" ಅಂತಷ್ಟೇ ಹೇಳಿದರೆ ಬೆಳಿಗ್ಗೆ ಹಾಲು ಹಾಕಿದ ಕಾಫಿ ಕುಡಿದು ಬರುತ್ತಾರೆ. ಮೆಕ್ಕೆಜೋಳದ ಹಿಟ್ಟು ಕುದಿಸಿ ಮಾಡುವ ಅತೋಲೆ ಕುಡಿದು ಬರುತ್ತಾರೆ. ತಿಂದಿಲ್ಲ, ಕುಡಿದದ್ದು! ಆಪರೇಷನ್ ಮುಂದಕ್ಕೆ ಹೋಗುತ್ತದೆ. ಒಂದು ದಿನದ ಕೂಲಿ, ಕರೆದುಕೊಂಡು ಬಂದ ಮಗಳ ರಜೆ ಎಲ್ಲ ನೀರಿಗೆ ಹೋದ ಹಾಗೆ. ಅದಕ್ಕೆ ನಾನು ಹೇಳಿ ಮುಗಿಸಿದ ಮೇಲೆ "ಅರ್ಥವಾಯಿತಾ?" ಅಂತ ಕೇಳುವುದೇ ಇಲ್ಲ. ಆ ಪ್ರಶ್ನೆಗೆ ಎಲ್ಲರೂ ಹೌದು ಅನ್ನುತ್ತಾರೆ. "ಇದನ್ನು ನಿಮ್ಮ ಅಕ್ಕನಿಗೆ ಹೇಗೆ ಹೇಳ್ತೀರಿ, ನನಗೊಂದ್ಸಲ ಹೇಳಿ" ಅಂತ ಕೇಳುತ್ತೇನೆ. ಅವರು ಹೇಳುವಾಗ ಎಲ್ಲಿ ಬಿಟ್ಟುಹೋಗಿದೆ ಅಂತ ತಿಳಿಯುತ್ತದೆ.

ಇನ್ನು ಕ್ಯಾತಿಟರ್, ಅಂದರೆ ಮೂತ್ರ ಹೊರಗೆ ಹರಿಸುವ ಪೈಪ್. ಈ ಆಪರೇಷನ್ ಆದ ಮೇಲೆ ಕೆಲವರಿಗೆ ಮೂತ್ರಕೋಶ ತಕ್ಷಣ ಪೂರ್ತಿ ಖಾಲಿಯಾಗುವುದಿಲ್ಲ. ಅಂಥವರನ್ನು ಪೈಪ್ ಹಾಕಿಯೇ ಮನೆಗೆ ಕಳಿಸುತ್ತೇವೆ. ಹೆಚ್ಚಿನವರಿಗೆ ಕೆಲವು ದಿನ ಕಳೆದರೆ ಸರಿಹೋಗುತ್ತದೆ. ನಮಗೆ ಇದು ದಿನನಿತ್ಯದ ಮಾತು. ಆದರೆ ಮುಂಚೆ ಗೊತ್ತಿಲ್ಲದಿದ್ದರೆ ಎಚ್ಚರವಾದಾಗ ತೊಡೆಗೆ ಚೀಲ ಕಟ್ಟಿರುವುದು ನೋಡಿ "ಆಪರೇಷನ್ ಕೆಟ್ಟುಹೋಯಿತು" ಅಂತಲೇ ಅವರು ಅಂದುಕೊಳ್ಳುತ್ತಾರೆ. ಕರೆಯಲ್ಲಿ ನಾವು ಇದನ್ನು ಬಿಡಿಸಿ ಹೇಳುತ್ತೇವೆ. ಹಗಲಿಗೆ ತೊಡೆಯ ಚಿಕ್ಕ ಚೀಲ, ರಾತ್ರಿಗೆ ದೊಡ್ಡ ಚೀಲ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು. ಮಂಚದ ಪಕ್ಕ ಎಲ್ಲಿ ತೂಗುಹಾಕುತ್ತೀರಿ, ನೋಡಿ ಬನ್ನಿ. ನೆಲದ ಮೇಲೆ ಹಾಸಿಗೆಯಾದರೆ ಏನು ಮಾಡುವುದು? ವಿಡಿಯೊ ಇದ್ದರೆ ಮಂಚ, ಬಚ್ಚಲು, ಮೆಟ್ಟಿಲು ಎಲ್ಲ ತೋರಿಸುತ್ತಾರೆ. ಕ್ಲಿನಿಕ್‌ನಲ್ಲಿ ಕೂತು ಇದನ್ನೆಲ್ಲ ಊಹಿಸಲು ಆಗುತ್ತದೆಯೇ?

ಭಾರ ಎತ್ತುವ ಮಾತು ಬರುತ್ತದೆ. ಹಿಂದೆಲ್ಲ ಆರು ವಾರ 10 ಪೌಂಡ್, ಅಂದರೆ ನಾಲ್ಕೂವರೆ ಕೆಜಿಗಿಂತ ಜಾಸ್ತಿ ಎತ್ತಬೇಡಿ ಅಂತ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು. ಈಚೆಗೆ ಕೆಲವು ಸರ್ಜನ್‌ಗಳು ಸಡಿಲ ಬಿಡುತ್ತಾರೆ. ಏನೇ ಆದರೂ ತೀರಾ ಭಾರ ಬೇಡ ಅನ್ನುವುದು ನಿಂತಿದೆ. "ಭಾರ ಎತ್ತುತ್ತೀರಾ?" ಅಂದರೆ "ಇಲ್ಲಮ್ಮ, ರಜೆ ಹಾಕಿದ್ದೀನಿ" ಅನ್ನುತ್ತಾರೆ. ನಾನು ಕೇಳುವುದು ಬೇರೆ: "ಮನೆಗೆ ಕುಡಿಯುವ ನೀರು ಯಾರು ತರ್ತಾರೆ?" ಸೆಂಟ್ರಲ್ ವ್ಯಾಲಿಯ ಎಷ್ಟೋ ಸಣ್ಣ ಊರುಗಳಲ್ಲಿ ನಲ್ಲಿ ನೀರಿನಲ್ಲಿ ನೈಟ್ರೇಟ್, ಆರ್ಸೆನಿಕ್ ಇದೆ. ಕುಡಿಯಲು 5 ಗ್ಯಾಲನ್ ಕ್ಯಾನ್ ಕೊಂಡು ತರುತ್ತಾರೆ. ತುಂಬಿದ ಒಂದು ಕ್ಯಾನ್ ಸುಮಾರು 19 ಕೆಜಿ. ಅಮೆರಿಕದಲ್ಲಿ ಕುಡಿಯುವ ನೀರಿಗೆ ಕ್ಯಾನ್ ಹೊರುತ್ತಾರಾ ಅಂತ ನಿಮಗೆ ಆಶ್ಚರ್ಯ ಆಗಬಹುದು. ಹೊರುತ್ತಾರೆ. ಅದನ್ನು ಮನೆಯೊಳಗೆ ತರುವುದು ಬಹಳಷ್ಟು ಕಡೆ ಹೆಂಗಸರೇ. ಆ ಒಂದು ಪ್ರಶ್ನೆ ಕೇಳಿದರೆ ಮಗನಿಗೋ ಪಕ್ಕದ ಮನೆಯವರಿಗೋ ಮುಂಚೆಯೇ ಹೇಳಿಟ್ಟುಕೊಳ್ಳುತ್ತಾರೆ.

ಇಷ್ಟೆಲ್ಲ ಆದ ಮೇಲೆ, ಫೋನ್ ಇಡುವ ಹೊತ್ತಿಗೆ, ನಿಜವಾದ ಭಯ ಹೊರಗೆ ಬರುತ್ತದೆ. "ಮಗಳೇ, ಇನ್ನೊಂದು ಕೇಳಲಾ?" ಅಂತಾರೆ. ವಯಸ್ಸಾದವರು ನಮ್ಮನ್ನು ಕರೆಯುವುದೇ ಹಾಗೆ, ಅವರ ಭಾಷೆಯಲ್ಲಿ ಮಿಹಾ, ಮಗಳೇ ಅಂತ. ಗರ್ಭಕೋಶ ತೆಗೆದರೆ ಒಳಗೆ ಟೊಳ್ಳಾಗುತ್ತೇನಾ? ಗಂಡನಿಗೆ ಗೊತ್ತಾಗುತ್ತದಾ? ಅವನು ಬೇರೆ ಯಾರನ್ನಾದರೂ ನೋಡಿಕೊಂಡರೆ? ಜಾಲರಿ ಹಾಕುತ್ತಾರಂತೆ, ಟೀವಿಯಲ್ಲಿ ವಕೀಲರು ಹೇಳುತ್ತಿದ್ದರು, ಅದು ಒಳಗೇ ಕೊರೆಯುತ್ತದಂತೆ?

ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡಬೇಕು. ತೆಗೆದ ಜಾಗ ಟೊಳ್ಳಾಗಿ ಉಳಿಯುವುದಿಲ್ಲ, ಕರುಳು ಆ ಜಾಗಕ್ಕೆ ಬರುತ್ತದೆ. ಅಂಡಾಶಯ ಉಳಿಸುತ್ತಾರೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ, ಅದನ್ನೂ ಕೇಳಿ ತಿಳಿದುಕೊಳ್ಳಬೇಕು. ಜಾಲರಿಯ ಭಯಕ್ಕೆ ಕಾರಣವಿದೆ. ಜಾರಿದ್ದನ್ನು ಸರಿಮಾಡಲು ಯೋನಿಯ ಮೂಲಕ ಹಾಕುತ್ತಿದ್ದ ಜಾಲರಿಯ ಮಾರಾಟ ನಿಲ್ಲಿಸಿ ಅಂತ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಹೇಳಿತು. ಆದರೆ ಮೂತ್ರ ಸೋರುವುದಕ್ಕೆ ಹಾಕುವ ಸಣ್ಣ ಪಟ್ಟಿ, ಹೊಟ್ಟೆಯ ಕಡೆಯಿಂದ ಹಾಕುವ ಜಾಲರಿ ಆ ಆದೇಶದಲ್ಲಿ ಸೇರಿಲ್ಲ. ಹಾಗಾಗಿ ನಿಮಗೆ ಯಾವುದು ಹಾಕುತ್ತಾರೆ, ಹಾಕುತ್ತಾರಾ ಇಲ್ಲವಾ ಅಂತ ಸರ್ಜನ್ ಹೇಳಲೇಬೇಕು. ಎಲ್ಲಕ್ಕಿಂತ ಮುಖ್ಯ, ಗರ್ಭಕೋಶ ಜಾರಿದ ಮಾತ್ರಕ್ಕೆ ತೆಗೆಯಲೇಬೇಕು ಅಂತಿಲ್ಲ. ಉಳಿಸಿಕೊಂಡು ಮೇಲಕ್ಕೆ ಕಟ್ಟುವ ಆಪರೇಷನ್ ಇದೆ. ಆಪರೇಷನ್ನೇ ಬೇಡ ಅನ್ನುವವರಿಗೆ ಯೋನಿಯೊಳಗೆ ಇಟ್ಟು ಜಾರಿದ್ದನ್ನು ತಡೆದು ಹಿಡಿಯುವ ಪೆಸರಿ ರಿಂಗ್ ಇದೆ.

ಇಲ್ಲಿ ನರ್ಸ್ ಆಗಿ ನೀವು ಗಟ್ಟಿಯಾಗಿರಬೇಕು. "ನನಗೆ ಗರ್ಭಕೋಶ ತೆಗೆಯುವುದು ಬೇಡ" ಅಂತ ಅವಳು ಫೋನ್‌ನಲ್ಲಿ ಹೇಳಿದರೆ ಸಮಾಧಾನ ಮಾಡಿ ಕೂರಿಸುವುದು ನಿಮ್ಮ ಕೆಲಸವಲ್ಲ. ಆ ಮಾತು ಅವತ್ತೇ ಸರ್ಜನ್‌ಗೆ ಹೋಗಬೇಕು. ಅವರು ಮತ್ತೆ ಅವಳ ಜತೆ ಮಾತಾಡಬೇಕು. ಬೇಕಾದರೆ ಆಪರೇಷನ್ ಬದಲಾಗಬೇಕು, ದಿನ ಮುಂದಕ್ಕೆ ಹೋಗಬೇಕು, ರದ್ದಾಗಲೂಬೇಕು. ಇದಕ್ಕೆ ಒಪ್ಪದ ಕಡೆ ಈ ಕರೆ ಮಾಡುವುದು ಸುಮ್ನೆ ನೆಪಕ್ಕೆ.

ಮನೆಮದ್ದಿನ ಬಗ್ಗೆ ಯಾರೋ ಚೀಟಿ ಕಳಿಸಿದ್ದಾರೆ. ಹೌದು, ಅವರಲ್ಲಿ ಸೊಬದೋರಾ ಅಂತ ಇರುತ್ತಾರೆ, ಹೊಟ್ಟೆ ನೀವಿ ಜಾರಿದ್ದನ್ನು ಮೇಲೆ ಕೂರಿಸುತ್ತೇವೆ ಅನ್ನುವ ಹೆಂಗಸರು. ಹೆರಿಗೆಯಾದ ಮೇಲೆ 40 ದಿನ ಕ್ವಾರೆಂತೇನಾ ಕೂರುತ್ತಾರೆ. ಹೊಟ್ಟೆಗೆ ಬಟ್ಟೆ ಬಿಗಿಯುತ್ತಾರೆ, ತಣ್ಣೀರು ಮುಟ್ಟುವುದಿಲ್ಲ, ತಂಡಿ ಗಾಳಿ ಒಳಗೆ ಹೋಗುತ್ತದೆ ಅಂತ ಹೆದರುತ್ತಾರೆ. ಬಾಣಂತನ ಕಂಡ ನಿಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಪರೇಷನ್ ಆದ ಮೇಲೂ ಅವರು ಇದನ್ನೇ ಪಾಲಿಸಲು ಹೊರಡುತ್ತಾರೆ. ಮನೆಯವರು ಕೆಲಸ ಮಾಡಿಕೊಟ್ಟು ಅವಳಿಗೆ ವಿಶ್ರಾಂತಿ ಕೊಡುವುದು ತುಂಬ ಒಳ್ಳೆಯದು, ಅದನ್ನು ಗಟ್ಟಿ ಮಾಡಿ. ಆದರೆ ಹಾಸಿಗೆ ಬಿಟ್ಟು ಏಳದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಮೊದಲ ದಿನದಿಂದಲೇ ಮನೆಯೊಳಗೆ ಓಡಾಡಬೇಕು. ಹೊಟ್ಟೆಗೆ ಬಿಗಿಯುವುದು, ಹೊಲಿಗೆ ಹಸಿಯಿರುವಾಗ ಹೊಟ್ಟೆ ನೀವಿಸುವುದು ಬೇಡ. ನಾನು ಇದನ್ನು ಅವಳಿಗೆ ಮಾತ್ರ ಹೇಳುವುದಿಲ್ಲ. ಅವಳು ಒಪ್ಪಿದರೆ ಮನೆಯ ಹಿರಿಯರನ್ನೂ ಸ್ಪೀಕರ್‌ನಲ್ಲಿ ಕೂರಿಸಿ ಹೇಳುತ್ತೇನೆ. ಆರೈಕೆ ಮಾಡುವವರು ಅವರು ತಾನೇ.

ಕೂಲಿಯ ಮಾತು. ಅಮೆರಿಕದಲ್ಲಿ 12 ವಾರ ರಜೆ ಕೊಡುವ ಕಾನೂನಿದೆ, ಆದರೆ ಸಂಬಳವಿಲ್ಲ. ಅದೂ 50 ಜನಕ್ಕಿಂತ ಕಡಿಮೆ ಇರುವ ಕಂಪನಿಗೆ ಅನ್ವಯಿಸುವುದಿಲ್ಲ. ಹೊಲದ ಕೆಲಸ ಮಾಡುವವಳಿಗೆ ಇದರಿಂದ ಏನು ಬಂತು? ಆದರೆ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಅಂಗವೈಕಲ್ಯ ವಿಮೆ ಇದೆ. ಕೂಲಿಯಿಂದ ಅದಕ್ಕೆ ಅಂತ ಹಿಡಿದುಕೊಂಡಿರುತ್ತಾರೆ. ಆಪರೇಷನ್ ಆಗಿ ಕೆಲಸಕ್ಕೆ ಹೋಗಲಾಗದ ವಾರಗಳಿಗೆ ಅದರಿಂದ ದುಡ್ಡು ಬರುತ್ತದೆ. ಪೌರತ್ವ, ವಲಸೆಯ ಕಾಗದ ಇದಕ್ಕೆ ಅಡ್ಡಿಯಲ್ಲ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಡಾಕ್ಟರ ಸರ್ಟಿಫಿಕೇಟ್ ಬೇಕು, ಅರ್ಜಿ ಹೊತ್ತಿಗೆ ಸರಿಯಾಗಿ ಹಾಕಬೇಕು. ಹತ್ತು ದಿನಕ್ಕೇ ಪ್ಯಾಕಿಂಗ್ ಶೆಡ್‌ಗೆ ವಾಪಸ್ ಹೋಗುವ ಹೆಂಗಸಿಗೆ ನೀವು ಕೊಡುವ ಬೇರೆ ಎಲ್ಲ ಸಲಹೆಗಿಂತ ಈ ಒಂದು ಮಾಹಿತಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಇದರಿಂದ ನಿಜವಾಗಿ ಉಪಯೋಗ ಇದೆಯಾ ಅಂತ ನೀವು ಕೇಳಬೇಕು, ಕೇಳುವುದು ನ್ಯಾಯ. ಈ ಜಾತಿಯ ಆಪರೇಷನ್‌ಗಳಲ್ಲಿ, ತಾನು ತಯಾರಾಗಿದ್ದೆ ಅನ್ನಿಸಿದ ಹೆಂಗಸರು ಆಮೇಲೆ ಜಾಸ್ತಿ ತೃಪ್ತರಾಗಿರುತ್ತಾರೆ ಅಂತ ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಆಪರೇಷನ್ ಮುಂಚೆ ಫೋನ್ ಕರೆ ಮಾಡಿದ ಗುಂಪು, ಮಾಡದ ಗುಂಪು ಅಂತ ಚೀಟಿ ಎತ್ತಿ ಹಂಚಿ ನೋಡಿದಾಗ ಕರೆ ಬಂದವರು ಹೆಚ್ಚು ತಯಾರಾಗಿದ್ದೆವು ಅಂತ ಹೇಳಿದರು. ಆದರೂ ಆಸ್ಪತ್ರೆಗಳಲ್ಲಿ ದುಡ್ಡು ಕಡಿಮೆಯಾದಾಗ ಮೊದಲು ನಿಲ್ಲುವುದು ಇಂಥ ಕರೆಗಳೇ. ಕಾರಣ ಸರಳ. ನರ್ಸ್ ಮಾಡುವ ಈ ಕರೆಗೆ ಸಾಮಾನ್ಯವಾಗಿ ಬೇರೆ ಬಿಲ್ ಹಾಕಲು ಬರುವುದಿಲ್ಲ, ಆಪರೇಷನ್‌ನ ಒಟ್ಟು ದುಡ್ಡಿನಲ್ಲೇ ಸೇರಿಹೋಗಿರುತ್ತದೆ. ಅರ್ಧ ಗಂಟೆಯ ಮಾತು ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ. ಕಾಣುವ ಹಾಗೆ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ ದುಭಾಷಿಯ ವಿಷಯ. ಕರೆ ಮಾಡುವ ನರ್ಸ್‌ಗೆ ಸ್ಪ್ಯಾನಿಷ್ ಚೆನ್ನಾಗಿ ಬಂದರೆ ಎಲ್ಲಕ್ಕಿಂತ ಒಳ್ಳೆಯದು. ಬರದಿದ್ದರೆ ತರಬೇತಿಯಾದ ದುಭಾಷಿ ಬೇಕು, ಮೂವರ ಕರೆ. ಮನೆಯ ಮಕ್ಕಳನ್ನು ದುಭಾಷಿ ಮಾಡಬಾರದು. ತುರ್ತು ಸಮಯ ಬಿಟ್ಟರೆ ಕಾನೂನೂ ಇದನ್ನು ಒಪ್ಪುವುದಿಲ್ಲ. ಹನ್ನೆರಡು ವರ್ಷದ ಹುಡುಗ ತನ್ನ ತಾಯಿಯ ಯೋನಿಯ ಬಗ್ಗೆ, ಅಪ್ಪನ ಜತೆಗಿನ ಸಂಬಂಧದ ಬಗ್ಗೆ ಅನುವಾದ ಮಾಡಬೇಕಾ? ತಾಯಿ ಅವನ ಮುಂದೆ ಬಾಯಿ ಬಿಡುತ್ತಾಳಾ? ಫೋನಿನ ಅನುವಾದದ ಆ್ಯಪ್‌ಗಳೂ ಬಂದಿವೆ. ಆಸ್ಪತ್ರೆಗೆ ಬರುವ ದಾರಿ ಹೇಳಲು ಸಾಕು. ಒಪ್ಪಿಗೆ ಪತ್ರಕ್ಕೆ, ಮಾತ್ರೆ ನಿಲ್ಲಿಸುವ ಸೂಚನೆಗೆ ಮನುಷ್ಯರು ಓದಿ ಸರಿಮಾಡದೆ ಅದನ್ನು ಕೊಡಬಾರದು.

ಇನ್ನೊಂದು ನೆನಪಿಡಿ. ಮೆಕ್ಸಿಕೊದಿಂದ ಬಂದವರೆಲ್ಲ ಸ್ಪ್ಯಾನಿಷ್ ಮಾತಾಡುವವರಲ್ಲ. ವಾಹಾಕಾ ರಾಜ್ಯದಿಂದ ನಮ್ಮ ಕಡೆ ಹೊಲದ ಕೆಲಸಕ್ಕೆ ಬಂದವರ ಮನೆಮಾತು ಮಿಶ್ಟೆಕೊ, ಝಾಪೊಟೆಕೊ, ಟ್ರೀಕಿ. ಗ್ವಾಟೆಮಾಲಾದವರದು ಮಾಮ್, ಕಿಚೆ. ಸ್ಪ್ಯಾನಿಷ್‌ನಲ್ಲಿ ಮಾತಾಡಿಸಿದರೆ ಗೌರವಕ್ಕೆ "ಸಿ, ಸಿ" ಅನ್ನುತ್ತಾರೆ, ತಿಳಿದಿರುವುದು ಅರ್ಧ. ಅದಕ್ಕೆ ಮೊದಲ ಸಲ ಕ್ಲಿನಿಕ್‌ಗೆ ಬಂದಾಗಲೇ "ಮನೆಯಲ್ಲಿ ನಿಮ್ಮ ಅಮ್ಮನ ಜತೆ ಯಾವ ಭಾಷೆ ಮಾತಾಡ್ತಿದ್ರಿ?" ಅಂತ ಕೇಳಿ ಫೈಲ್‌ನ ಮೊದಲ ಪುಟದಲ್ಲಿ ಬರೆಯಬೇಕು. ಮಿಶ್ಟೆಕೊ ಅಂದರೂ ಸಾಲದು, ಊರು ಕೇಳಬೇಕು. ಒಂದೂರಿನ ಮಾತು ಇನ್ನೊಂದೂರಿಗೆ ಅರ್ಥವಾಗದಷ್ಟು ಬೇರೆ ಇರುತ್ತದೆ. ಎಷ್ಟೋ ಸಲ ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ ಒಬ್ಬರು, ಸ್ಪ್ಯಾನಿಷ್‌ನಿಂದ ಮಿಶ್ಟೆಕೊಗೆ ಇನ್ನೊಬ್ಬರು, ಇಬ್ಬರು ದುಭಾಷಿಗಳು ಬೇಕಾಗುತ್ತಾರೆ. ಅವರನ್ನು ಮುಂಚೆಯೇ ಗೊತ್ತು ಮಾಡಿಕೊಳ್ಳಿ. ಹೆಂಗಸರೇ ಬೇಕು ಅಂತ ಕೇಳಿ. ಅದೇ ಊರಿನವರಾದರೆ ರೋಗಿಗೆ ಮೊದಲೇ ತಿಳಿಸಿ, ಒಪ್ಪಿಗೆನಾ ಅಂತ ಕೇಳಿ, ಯಾಕೆಂದರೆ ಊರಿಗೆ ಸುದ್ದಿ ಹೋಗುವ ಭಯ ಅವರಿಗಿರುತ್ತದೆ. ಅರ್ಧ ಗಂಟೆಯ ಕರೆಗೆ ಒಂದೂವರೆ ಗಂಟೆ ತೆಗೆದಿಡಿ. ಆಪರೇಷನ್ ಆದ ಎರಡನೆಯ ದಿನ ಮಾಡಬೇಕಾದ ಇನ್ನೊಂದು ಕರೆಗೂ ಅದೇ ದುಭಾಷಿಗಳನ್ನು ಅವತ್ತೇ ಬರೆಸಿಡಿ. ಜ್ವರ, ರಕ್ತಸ್ರಾವ, ಮಲಬದ್ಧತೆ, ಪೈಪಿನ ತೊಂದರೆ ಎಲ್ಲ ಶುರುವಾಗುವುದು ಆಗ.